ಚಿತ್ರಪಟ್ಟಿಯ ಪತ್ತೇದಾರನು ತೆರೆಗೆ ಬಂದ ಬಗೆ

ಪತ್ತೇದಾರಿ ಕಥೆಗಳೆಂದರೆ ಹಿರಿಯರಿಗೆ ಸಾಮಾನ್ಯವಾಗಿ ಆಗದು. ಪಠ್ಯಪುಸ್ತಕದ ನಡುವೆ ಅಡಗಿಸಿಟ್ಟು ಓದುವ ವಸ್ತುವೆಂದೇ ಅವುಗಳಿಗೆ ಹೆಸರು. ಅದರಲ್ಲಿಯೂ ಚಿತ್ರಗಳಿಂದ ಕೂಡಿದ ಪತ್ತೇದಾರಿ ಕಥೆಯಾದರೆ ಕೇಳಬೇಕಾದುದೇ ಇಲ್ಲ. ಅದನ್ನು ಹಿಡಿದು ಕುಳಿತವನು ಓದುತ್ತಿಲ್ಲ, ಸುಮ್ಮನೆ ನೋಡುತ್ತಿದ್ದಾನೆ ಎಂದು ಆಕ್ಷೇಪಿಸುವರು. ಇನ್ನು ಆ ಕಥೆಯನ್ನು ಅಲ್ಪ ಹಣದಲ್ಲಿ ಚಲಚ್ಚಿತ್ರವನ್ನಾಗಿ ತೆಗೆದರೆ, ಕಲೆಯ ಪಂಕ್ತಿಯಲ್ಲಿ ಅದಕ್ಕೆ ಎಲೆಯನ್ನೇ ಹಾಕುವುದಿಲ್ಲ. ಹೀಗೆ ಪಂಕ್ತಿಯಿಂದ ಹೊರಗುಳಿದ ಚಿತ್ರಗಳಿಂದ ನಮ್ಮ ವಿದ್ಯಾರ್ಥಿಗಳು ಕಲಿಯಬಹುದಾದುದು ಬಹಳವಿದೆಯೆಂದು ನನ್ನ ನಂಬಿಕೆ. ಈ ನಂಬಿಕೆ ನನಗೆ ಪುಸ್ತಕದಿಂದ ಬಂದುದಲ್ಲ. ನಮ್ಮ ಶಾಲೆಯ ವಾರ್ಷಿಕೋತ್ಸವದ ಎರಡು ನಾಟಕಗಳಿಂದ ಬಂದುದು. ಆ ಸಂಗತಿಯನ್ನು ಕೊನೆಯಲ್ಲಿ ಹೇಳುವೆನು.

ಮೊದಲು ಒಂದು ಪದದ ಗೊಂದಲವನ್ನು ಬಿಡಿಸಿಕೊಳ್ಳೋಣ. ಕನ್ನಡದಲ್ಲಿ ‘ಚಿತ್ರಕಥೆ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಮಕ್ಕಳ ಪತ್ರಿಕೆಯಲ್ಲಿ ಚೌಕಗಳೊಳಗೆ ಚಿತ್ರಗಳನ್ನು ಬರೆದು ಹೇಳಿದ ಕಥೆಗೆ ಆ ಹೆಸರು. ಚಲಚ್ಚಿತ್ರದವರ ಬಾಯಲ್ಲಿ, ದೃಶ್ಯದೃಶ್ಯವಾಗಿ ವಿಂಗಡಿಸಿಟ್ಟ ಕಥೆಗೂ ಅದೇ ಹೆಸರು. ಎರಡು ಕಲೆಗಳು ಒಂದೇ ಹೆಸರನ್ನು ಹಂಚಿಕೊಂಡಿರುವುದು ಅಕಾರಣವಲ್ಲ. ಆದರೂ ಗೊಂದಲ ಬೇಡವೆಂದು, ಪತ್ರಿಕೆಯಲ್ಲಿ ಬರುವುದನ್ನು ಇಲ್ಲಿ ಚಿತ್ರಪಟ್ಟಿ ಎಂದು ಕರೆಯುವೆನು. ದಿನಪತ್ರಿಕೆಯಲ್ಲಿ ಅದು ಮೂರು ನಾಲ್ಕು ಚೌಕಗಳ ಒಂದು ಪಟ್ಟಿಯಾಗಿಯೇ ಅಚ್ಚಾಗುತ್ತದೆಯಷ್ಟೆ.

ಚಿತ್ರಪಟ್ಟಿಯನ್ನು ಬರೆಯುವವನಿಗೆ ಇರುವ ಭಾಗ್ಯ ತೆರೆಯ ಮೇಲೆ ಕಥೆ ಹೇಳುವವನಿಗೆ ಇಲ್ಲ. ಒಂದು ಮುರುಕು ಕುರ್ಚಿಯನ್ನು ಬರೆಯಲು ಎಷ್ಟು ಮಸಿ ಬೇಕೋ ಹೊತ್ತಿ ಉರಿಯುವ ಅರಮನೆಯನ್ನು ಬರೆಯಲೂ ಹೆಚ್ಚು ಕಡಿಮೆ ಅಷ್ಟೇ ಮಸಿ ಸಾಕು. ನೂರು ಜನ ಪೋಲೀಸರನ್ನು ಬೇಕಾದರೆ ನಿಲ್ಲಿಸಬಹುದು. ಅವರಿಗೆ ಸಂಬಳವಿಲ್ಲ, ಊಟವಿಲ್ಲ, ಉಡುಪಿನ ಬಾಡಿಗೆಯಿಲ್ಲ. ಚಲಚ್ಚಿತ್ರದವನ ಪಾಡು ಹಾಗಲ್ಲ. ಕುರ್ಚಿಗೆ ಬಾಡಿಗೆ ಕೊಡಬೇಕು, ಅರಮನೆಗೆ ಬಡಗಿಗಳನ್ನು ಕರೆಯಬೇಕು, ನೂರು ಪೋಲೀಸರಿಗೆ ಮಧ್ಯಾಹ್ನದ ಊಟವನ್ನು ಒದಗಿಸಬೇಕು. ಹೀಗಿರುವಾಗ, ಏನನ್ನಾದರೂ ಬರೆಯಬಲ್ಲ ಚಿತ್ರಪಟ್ಟಿಯ ಕಥೆಯನ್ನು, ಏನನ್ನೂ ಕೊಳ್ಳಲಾರದ ನಿರ್ಮಾಪಕನು ಕೈಗೆತ್ತಿಕೊಂಡರೆ ಏನಾಗುವುದು? ಇದೇ ನಮ್ಮ ಪ್ರಶ್ನೆ.

ಈ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾದ ಉತ್ತರ ದೊರೆಯುವುದು ಅಮೆರಿಕಾದಲ್ಲಿ. ಚೆಸ್ಟರ್ ಗೌಲ್ಡ್ ಎಂಬ ಚಿತ್ರಕಾರನು ೧೯೩೧ನೆಯ ಇಸವಿಯ ಅಕ್ಟೋಬರ್ ೪ರಂದು ‘ಡಿಕ್ ಟ್ರೇಸಿ’ ಎಂಬ ಪತ್ತೇದಾರನ ಚಿತ್ರಪಟ್ಟಿಯನ್ನು ಡೆಟ್ರಾಯಿಟ್ ನಗರದ ಒಂದು ಪತ್ರಿಕೆಯಲ್ಲಿ ಆರಂಭಿಸಿದನು. ಆಗ ಷಿಕಾಗೋ ಮೊದಲಾದ ನಗರಗಳು ಕಳ್ಳಭಟ್ಟಿಯ ವ್ಯಾಪಾರಿಗಳ ಮತ್ತು ಕೊಲೆಗಡುಕರ ಕೈಯಲ್ಲಿ ಸಿಕ್ಕಿ ನರಳುತ್ತಿದ್ದುವು. ಅವರ ನಾಯಕನಾದ ಅಲ್ ಕಪೋನ್ ಎಂಬವನು ತೆರಿಗೆ ತಪ್ಪಿಸಿದ ಅಪರಾಧಕ್ಕಾಗಿ ತಪ್ಪಿತಸ್ಥನೆಂದು ನಿರ್ಣಯವಾದುದೂ ಅದೇ ತಿಂಗಳಿನಲ್ಲಿ. ಇಂತಹ ಕಾಲದಲ್ಲಿ ಲಂಚಕ್ಕೆ ಕೈಯೊಡ್ಡದ ಒಬ್ಬ ಪೋಲೀಸು ಪತ್ತೇದಾರನನ್ನು ಜನರು ಪ್ರತಿದಿನ ಬೆಳಗ್ಗೆ ಪತ್ರಿಕೆಯಲ್ಲಿ ನೋಡಬಯಸಿದುದು ಆಶ್ಚರ್ಯವಲ್ಲ. ಟ್ರೇಸಿಯ ಮುಖವನ್ನು ಗೌಲ್ಡನು ಸರಳ ರೇಖೆಗಳಿಂದ ಕಡೆದನು: ಚೌಕನೆಯ ದವಡೆ, ಗಿಡುಗನ ಕೊಕ್ಕಿನಂತಹ ಮೂಗು, ಅದರ ಮೇಲೊಂದು ಟೊಪ್ಪಿಗೆ. ಕಥೆಯ ದುಷ್ಟರಂತೂ ಮನುಷ್ಯರೂಪದ ಅಂಚನ್ನೇ ದಾಟಿದವರು. ಒಬ್ಬನ ತಲೆ ಮೇಜಿನಂತೆ ಚಪ್ಪಟೆ; ಅವನ ಹೆಸರು ಫ್ಲಾಟ್‌ಟಾಪ್. ಇನ್ನೊಬ್ಬನ ಮುಖ ಒಣಗಿದ ಹಣ್ಣಿನಂತೆ ಸುಕ್ಕುಗಟ್ಟಿದುದು, ಅವನು ಪ್ರೂನ್‌ಫೇಸ್. ಒಳಗಿನ ದುಷ್ಟತನವನ್ನೆಲ್ಲ ಮುಖದ ಮೇಲೆ ಬರೆದುಬಿಡುವುದು ಗೌಲ್ಡನ ಪದ್ಧತಿ. ಮುಖ ನೋಡಿ ಮನುಷ್ಯನನ್ನು ಅಳೆಯುವ ಈ ಪದ್ಧತಿಯು ಜೀವನದಲ್ಲಿ ಸುಳ್ಳು ಮತ್ತು ಅನ್ಯಾಯವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಆದರೆ ಕಥೆಯಲ್ಲಿ ಅದು ನಮ್ಮ ಯಕ್ಷಗಾನದ ಬಣ್ಣದ ವೇಷದಷ್ಟೇ ಪರಿಣಾಮಕಾರಿ.

ಚಿತ್ರಪಟ್ಟಿಗೂ ಚಲಚ್ಚಿತ್ರಕ್ಕೂ ಮೊದಲ ನಂಟು ಬೆಳೆದುದು ಧಾರಾವಾಹಿಯ ಮೂಲಕ. ದಿನಪತ್ರಿಕೆಯ ಪಟ್ಟಿಯಲ್ಲಿ ಕೊನೆಯ ಚೌಕವು ಯಾವಾಗಲೂ ಒಂದು ಗಂಡಾಂತರದಲ್ಲಿ ನಿಲ್ಲಬೇಕು. ಇಲ್ಲವಾದರೆ ಓದುಗನು ನಾಳೆಯ ಪತ್ರಿಕೆಯನ್ನು ಕೊಳ್ಳುವನೇ? ಈ ಉಪಾಯವನ್ನೇ ರಿಪಬ್ಲಿಕ್ ಎಂಬ ಸಂಸ್ಥೆಯವರು ೧೯೩೭ರಲ್ಲಿ ತೆರೆಗೆ ತಂದರು. ಟ್ರೇಸಿಯ ಕಥೆಯನ್ನು ಹದಿನೈದು ಕಂತುಗಳಾಗಿ ಮಾಡಿ ವಾರಕ್ಕೊಂದರಂತೆ ತೋರಿಸಿದರು. ಪ್ರತಿ ಕಂತಿನ ಕೊನೆಯಲ್ಲಿ ಪತ್ತೇದಾರನು ಸತ್ತೇಹೋದನೆಂದು ತೋರಬೇಕು, ಮುಂದಿನ ವಾರ ಹೇಗೋ ಬದುಕಿಕೊಳ್ಳಬೇಕು. ರಾಲ್ಫ್ ಬೈರ್ಡ್ ಎಂಬ ನಟನು ಟ್ರೇಸಿಯ ಪಾತ್ರವನ್ನು ವಹಿಸಿದನು. ಪಟ್ಟಿಯಲ್ಲಿ ನಗರದ ಪೋಲೀಸಿನವನಾಗಿದ್ದ ಪತ್ತೇದಾರನು ಇಲ್ಲಿ ಕೇಂದ್ರ ಸರಕಾರದ ತನಿಖಾಧಿಕಾರಿಯಾದನು. ಜನರು ಮೆಚ್ಚಿದುದರಿಂದ ೧೯೩೮, ೧೯೩೯ ಮತ್ತು ೧೯೪೧ರಲ್ಲಿ ಮತ್ತೆ ಮೂರು ಧಾರಾವಾಹಿಗಳು ಬಂದುವು.

ಇವುಗಳಲ್ಲಿ ಕೊನೆಯದು ಮಿತವ್ಯಯದ ದೃಷ್ಟಿಯಿಂದ ನನಗೆ ಬಹಳ ಪ್ರಿಯವಾದುದು. ಅದರಲ್ಲಿ ನ್ಯೂಯಾರ್ಕ್ ನಗರವು ಸಮುದ್ರದ ಅಲೆಗಳ ಕೆಳಗೆ ಕುಸಿಯುವ ಭಯಂಕರ ದೃಶ್ಯವೊಂದಿದೆ. ಅಲ್ಪ ಬಂಡವಾಳದ ಧಾರಾವಾಹಿಯೊಂದು ಇಂತಹ ದೃಶ್ಯವನ್ನು ಹೇಗೆ ತೆಗೆದೀತು ಎಂದು ಯಾರಿಗಾದರೂ ಬೆರಗಾಗಬಹುದು. ಉತ್ತರ ಸುಲಭ: ತೆಗೆಯಲಿಲ್ಲ. ೧೯೩೩ರಲ್ಲಿ ಬಂದ ‘ಡೆಲ್ಯೂಜ್’ ಎಂಬ ಬೇರೊಂದು ಚಿತ್ರದಿಂದ ಆ ಪ್ರಳಯವನ್ನು ಎತ್ತಿ ತಂದು ಅಂಟಿಸಿದರು. ಅಡುಗೆಯ ಮನೆಯಲ್ಲಿ ನಿನ್ನೆಯ ಅನ್ನವು ಇಂದು ಚಿತ್ರಾನ್ನವಾಗುವುದಿಲ್ಲವೇ, ಹಾಗೆ. ಅದೇ ಧಾರಾವಾಹಿಯ ಖಳನು ಯಂತ್ರದ ಬಲದಿಂದ ಕಣ್ಣಿಗೆ ಕಾಣದಂತಾಗಬಲ್ಲವನು. ಕಾಣದ ನಟನಿಗಿಂತ ಅಗ್ಗದ ನಟನು ಯಾವ ನಿರ್ಮಾಪಕನಿಗೆ ತಾನೇ ದೊರೆತಾನು!

ಆದರೆ ನಮ್ಮ ಪಾಠಕ್ಕೆ ಹೆಚ್ಚು ಬೇಕಾದುವು ಇವುಗಳ ತರುವಾಯ ಬಂದ ನಾಲ್ಕು ಚಿತ್ರಗಳು. ಅಮೆರಿಕಾದ ಚಿತ್ರಮಂದಿರಗಳಲ್ಲಿ ಆ ಕಾಲಕ್ಕೆ ಒಂದೇ ಟಿಕೇಟಿಗೆ ಎರಡು ಚಿತ್ರಗಳನ್ನು ತೋರಿಸುವ ರೂಢಿಯಿದ್ದಿತು. ಮುಖ್ಯ ಚಿತ್ರಕ್ಕೆ ಜೊತೆಯಾಗಿ ಬರುವ ಕಿರುಚಿತ್ರವು ಸುಮಾರು ಒಂದು ಗಂಟೆಯದು. ಅದಕ್ಕೆ ಹಣವೂ ಕಡಿಮೆ, ದಿನಗಳೂ ಕಡಿಮೆ. ಊಟದ ಎಲೆಯ ತುದಿಯಲ್ಲಿ ಬಡಿಸುವ ಉಪ್ಪಿನಕಾಯಿಯ ಸ್ಥಾನ ಅದರದು. ಆರ್.ಕೆ.ಓ. ಸಂಸ್ಥೆಯವರು ಈ ಸ್ಥಾನಕ್ಕಾಗಿ ೧೯೪೫ರಿಂದ ೧೯೪೭ರವರೆಗೆ ಟ್ರೇಸಿಯ ನಾಲ್ಕು ಚಿತ್ರಗಳನ್ನು ತೆಗೆದರು. ಮೊದಲೆರಡರಲ್ಲಿ ಮೋರ್ಗನ್ ಕಾನ್ವೇ ಎಂಬಾತನು ನಾಯಕನು. ಉಳಿದೆರಡರಲ್ಲಿ ಹಳೆಯ ರಾಲ್ಫ್ ಬೈರ್ಡನೇ ಹಿಂದಿರುಗಿದನು. ಕಾನ್ವೇಯ ದವಡೆ ಚೌಕವಲ್ಲ, ಮೂಗು ಕೊಕ್ಕಲ್ಲ. ಆದರೂ ದಣಿದ, ಸಹನೆಯುಳ್ಳ, ನಿಜವಾದ ಪೋಲೀಸಿನವನಂತೆ ತೋರುವ ಅವನ ಟ್ರೇಸಿಯೇ ನನಗೆ ಮೆಚ್ಚು. ಈ ವಿಷಯದಲ್ಲಿ ನನ್ನೊಡನೆ ಜಗಳವಾಡುವವರೂ ಉಂಟು.

ಈ ನಾಲ್ಕು ಚಿತ್ರಗಳ ದುಷ್ಟರನ್ನು ಸಾಲಾಗಿ ನಿಲ್ಲಿಸಿ ನೋಡಿರಿ. ಮೊದಲನೆಯವನ ಮುಖದ ಮೇಲೆ ಓರೆಯಾಗಿ ಎಳೆದ ಒಂದು ಗಾಯದ ಗುರುತು. ಎರಡನೆಯವನದು ಬೋಳುತಲೆ. ಮೂರನೆಯವನಿಗೆ ಒಂದು ಕೈಯ ಬದಲು ಕಬ್ಬಿಣದ ಕೊಕ್ಕೆ. ನಾಲ್ಕನೆಯವನಿಗೆ ಏನೂ ಇಲ್ಲ. ಅವನು ಬೋರಿಸ್ ಕಾರ್ಲಾಫ್, ೧೯೩೧ರಲ್ಲಿ ಫ್ರಾಂಕನ್‌ಸ್ಟೈನನ ಭೂತವಾಗಿ ಲೋಕವನ್ನೇ ಹೆದರಿಸಿದ ನಟನು. ಅವನ ಮುಖವೊಂದೇ ಸಾಕು. ಗೌಲ್ಡನ ಚಪ್ಪಟೆತಲೆಯವನನ್ನಾಗಲಿ ಸುಕ್ಕುಮುಖದವನನ್ನಾಗಲಿ ಇವರು ಮುಟ್ಟಲಿಲ್ಲ. ಮುಟ್ಟಿದ್ದರೆ ಮೇಣ, ರಬ್ಬರು, ದಿನಕ್ಕೆ ನಾಲ್ಕಾರು ಗಂಟೆಗಳ ಬಣ್ಣಗಾರಿಕೆ ಎಲ್ಲವೂ ಬೇಕಾಗುತ್ತಿದ್ದಿತು. ಅಷ್ಟು ಮಾಡಿಯೂ ಫಲಿಸದಿದ್ದರೆ ನಗೆಪಾಟಲು. ಆದುದರಿಂದ ಅವರು ಗೌಲ್ಡನ ದುಷ್ಟರನ್ನು ತೆಗೆದುಕೊಳ್ಳದೆ ಗೌಲ್ಡನ ಪದ್ಧತಿಯನ್ನು ತೆಗೆದುಕೊಂಡರು: ಒಬ್ಬನಿಗೆ ಒಂದೇ ಗುರುತು, ದೂರದಿಂದಲೂ ಕಾಣುವ ಗುರುತು. ಕ್ಷೌರದ ಕತ್ತಿಯೊಂದಿದ್ದರೆ ಬೋಳುತಲೆ ಸಿದ್ಧ. ಕೊಕ್ಕೆಗೆ ಕಮ್ಮಾರನಿಗೆ ಕೊಡುವ ಕೂಲಿ ಎಷ್ಟು?

ಆ ಕೊಕ್ಕೆಯನ್ನು ಕೇವಲ ಅಲಂಕಾರಕ್ಕೆ ಇಟ್ಟುದಲ್ಲ ಎಂಬುದನ್ನೂ ಗಮನಿಸಬೇಕು. ೧೯೪೭ರ ಆ ಚಿತ್ರದ ಕೊನೆಯಲ್ಲಿ ಖಳನು ಸಾಯುವುದು ಪತ್ತೇದಾರನ ಗುಂಡಿನಿಂದಲ್ಲ. ಅವನ ಕಬ್ಬಿಣದ ಕೊಕ್ಕೆಯು ವಿದ್ಯುತ್ತಿನ ತಂತಿಗೆ ತಗಲುವುದರಿಂದ. ಯಾವುದು ಅವನ ಆಯುಧವಾಗಿದ್ದಿತೋ ಅದೇ ಅವನ ಮೃತ್ಯುವಾಯಿತು. ಭಸ್ಮಾಸುರನ ಕಥೆಯನ್ನು ಬಲ್ಲ ನಮಗೆ ಇದು ಹೊಸದಲ್ಲ. ಹಣವಿದ್ದವನಿಗೆ ಹತ್ತು ವಸ್ತುಗಳು ದೊರೆಯುತ್ತವೆ. ಅವನು ಒಂದೊಂದನ್ನು ಒಂದೊಂದು ಸಲ ಬಳಸಿ ಎಸೆಯುತ್ತಾನೆ. ಹಣವಿಲ್ಲದವನು ಒಂದೇ ಕೊಕ್ಕೆಯಿಂದ ಭಯವನ್ನೂ ಗುರುತನ್ನೂ ಮುಕ್ತಾಯವನ್ನೂ ಹೊರಡಿಸಬೇಕು.

ಇನ್ನು ಕಾರ್ಲಾಫನ ಚಿತ್ರ. ಅದರಲ್ಲಿ ದರೋಡೆಕೋರರು ಬ್ಯಾಂಕಿನೊಳಗೆ ಒಂದು ಬಗೆಯ ಅನಿಲವನ್ನು ಬಿಡುತ್ತಾರೆ. ಅದನ್ನು ಉಸಿರಾಡಿದವರೆಲ್ಲ ಇದ್ದಲ್ಲಿಯೇ ಶಿಲೆಯಂತೆ ನಿಲ್ಲುತ್ತಾರೆ. ಅವರ ನಡುವೆ ಕಳ್ಳರು ನಿಶ್ಚಿಂತೆಯಾಗಿ ನಡೆದಾಡಿ ಹಣವನ್ನು ತುಂಬಿಕೊಳ್ಳುತ್ತಾರೆ. ದೂರವಾಣಿಯ ಗೂಡಿನೊಳಗೆ ಇದ್ದ ನಾಯಿಕೆಗೆ ಮಾತ್ರ ಅನಿಲ ತಟ್ಟುವುದಿಲ್ಲ. ಅವಳು ಒಳಗಿನಿಂದಲೇ ಪತ್ತೇದಾರನಿಗೆ ಸುದ್ದಿ ಮುಟ್ಟಿಸುತ್ತಾಳೆ. ಈ ಅದ್ಭುತಕ್ಕೆ ತಗುಲಿದ ವೆಚ್ಚವನ್ನು ಲೆಕ್ಕ ಹಾಕಿರಿ. ಯಂತ್ರವಿಲ್ಲ, ತಂತ್ರವಿಲ್ಲ, ನಟರು ಅಲ್ಲಾಡದೆ ನಿಂತರು, ಅಷ್ಟೆ. ನೀವೆಲ್ಲರೂ ಆಟದ ಮೈದಾನದಲ್ಲಿ ಆಡುವ ‘ಸ್ಟ್ಯಾಚ್ಯೂ’ ಆಟವಿದು. ಇನ್ನೊಂದು ದೃಷ್ಟಿಯಿಂದ ನೋಡಿದರೆ, ತೆರೆಯ ಮೇಲಿನ ಮನುಷ್ಯರು ಆ ಕ್ಷಣಕ್ಕೆ ಚಿತ್ರಪಟ್ಟಿಯ ಮನುಷ್ಯರೇ ಆದರು: ಚೌಕದೊಳಗೆ ಸಿಕ್ಕಿ ನಿಶ್ಚಲರಾದರು. ತೆಗೆದವರು ಇದನ್ನು ಯೋಚಿಸಿಯೇ ಮಾಡಿದರೋ ಇಲ್ಲವೋ, ನೋಡುವವನಿಗಂತೂ ಆ ದೃಶ್ಯ ಮರೆಯುವುದಿಲ್ಲ.

ಚಿತ್ರಪಟ್ಟಿಯಿಂದ ಈ ಚಿತ್ರಗಳು ಪಡೆದ ಮತ್ತೊಂದು ಸಂಪತ್ತು ಕತ್ತಲೆ. ಗೌಲ್ಡನು ತನ್ನ ಚೌಕಗಳಲ್ಲಿ ಕಪ್ಪನ್ನು ಧಾರಾಳವಾಗಿ ಹರಿಯಬಿಡುತ್ತಿದ್ದನು. ಗೋಡೆ ಕಪ್ಪು, ಬೀದಿ ಕಪ್ಪು; ನಡುವೆ ಒಂದು ಬಿಳಿಯ ಮುಖ. ಕಿರುಚಿತ್ರದವರಿಗೆ ಇದು ವರವಾಯಿತು. ಬೀದಿಯನ್ನು ಕಟ್ಟಬೇಕಾದರೆ ಹಣ ಬೇಕು. ಆದರೆ ರಾತ್ರಿಯ ಬೀದಿಯಲ್ಲಿ ದೀಪದ ಕಂಬದ ಕೆಳಗಿನ ನಾಲ್ಕು ಮಾರು ನೆಲ ಮಾತ್ರ ಕಂಡರೆ ಸಾಕು. ಮಿಕ್ಕ ನಗರವನ್ನು ನೋಡುವವನೇ ಕಟ್ಟಿಕೊಳ್ಳುತ್ತಾನೆ. ಹೆಸರುಗಳನ್ನೂ ಇದೇ ಜಾಣತನದಿಂದ ಬಳಸಿದರು. ೧೯೪೬ರ ಚಿತ್ರದಲ್ಲಿ ದುಷ್ಟರು ಸೇರುವ ಮದ್ಯದಂಗಡಿಯ ಹೆಸರು ‘ರಕ್ತ ತೊಟ್ಟಿಕ್ಕುವ ಚೂರಿ’ ಎಂಬರ್ಥದ್ದು. ಅಂಗಡಿಯ ಒಳಭಾಗ ಸಾಮಾನ್ಯವಾದುದೇ, ಆದರೆ ಹೊರಗಿನ ಹಲಗೆಯೊಂದು ಅದನ್ನು ಪಾಪಕೂಪವನ್ನಾಗಿ ಮಾಡಿಬಿಡುತ್ತದೆ.

ಎರಡು ಚೌಕಗಳ ನಡುವಿನ ಖಾಲಿ ಜಾಗದ ಮಾತನ್ನು ಇಲ್ಲಿ ಹೇಳದಿದ್ದರೆ ಪಾಠ ಅಪೂರ್ಣವಾಗುವುದು. ಚಿತ್ರಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿರಿ. ಮೊದಲ ಚೌಕದಲ್ಲಿ ಕಳ್ಳನು ದೊಣ್ಣೆಯನ್ನೆತ್ತಿದ್ದಾನೆ. ಎರಡನೆಯದರಲ್ಲಿ ಕಾವಲುಗಾರನು ನೆಲದ ಮೇಲೆ ಬಿದ್ದಿದ್ದಾನೆ. ಹೊಡೆತವನ್ನು ಬರೆದವರಾರು? ಯಾರೂ ಬರೆಯಲಿಲ್ಲ. ಬೆರಳಗಲದ ಆ ಬಿಳಿಯ ಜಾಗದಲ್ಲಿ ಓದುವವನೇ ಹೊಡೆದನು! ಅವನು ಸುಮ್ಮನೆ ನೋಡುತ್ತಿದ್ದಾನೆಂದು ಆಕ್ಷೇಪಿಸುವ ಹಿರಿಯರು ಇದನ್ನು ವಿಚಾರಿಸಬೇಕು. ಕಿರುಚಿತ್ರದ ಕತ್ತಲೆಯು ಈ ಬಿಳಿಯ ಜಾಗದ ಕೆಲಸವನ್ನೇ ಮಾಡುತ್ತದೆ. ಕಾಣದುದನ್ನು ಕಾಣುವವನು ಪ್ರೇಕ್ಷಕನು. ಆ ಕೆಲಸಕ್ಕೆ ಅವನು ಕೂಲಿ ಕೇಳುವುದಿಲ್ಲ, ಬದಲಾಗಿ ಟಿಕೇಟಿನ ಹಣವನ್ನೂ ಕೊಡುತ್ತಾನೆ.

ಹಣವಿದ್ದಾಗ ಏನಾಯಿತು ಎಂಬುದಕ್ಕೂ ನಿದರ್ಶನವುಂಟು. ೧೯೯೦ರಲ್ಲಿ ವಾರನ್ ಬೇಟಿ ಎಂಬ ಪ್ರಸಿದ್ಧ ನಟನು ಟ್ರೇಸಿಯ ಕಥೆಯನ್ನು ಅಪಾರ ವೆಚ್ಚದಲ್ಲಿ ತೆಗೆದನು. ಪತ್ರಿಕೆಯ ಬಣ್ಣದ ಪುಟದಂತೆಯೇ ಕಾಣಲೆಂದು ಬೆರಳೆಣಿಕೆಯ ಬಣ್ಣಗಳನ್ನು ಮಾತ್ರ ಬಳಸಿದರು. ಚಪ್ಪಟೆತಲೆಯವನು, ಸುಕ್ಕುಮುಖದವನು ಎಲ್ಲರೂ ಬಂದರು. ಕಲಾನಿರ್ದೇಶನ, ಮುಖವರ್ಣಿಕೆ ಮತ್ತು ಗೀತೆಗಾಗಿ ಮೂರು ಆಸ್ಕರ್ ಪ್ರಶಸ್ತಿಗಳೂ ದೊರೆತುವು. ಅದು ಸುಂದರವಾದ ಚಿತ್ರವೇ ಸರಿ. ಆದರೆ ಅದನ್ನು ನೋಡುವಾಗ ನನಗೆ ಮಾಡಲು ಕೆಲಸವೇನೂ ಉಳಿದಿರಲಿಲ್ಲ.

ನಮ್ಮ ಕನ್ನಡ ನಾಡಿನಲ್ಲಿ ಇಂತಹ ಚಿತ್ರಗಳು ಬಂದುವೇ ಎಂದು ನೀವು ಕೇಳಬಹುದು. ಚಿತ್ರಪಟ್ಟಿಯಿಂದಲೇ ನೇರವಾಗಿ ಹುಟ್ಟಿದ ಪತ್ತೇದಾರಿ ಚಿತ್ರವನ್ನು ಕನ್ನಡದಲ್ಲಿ ನಾನು ಕಂಡಿಲ್ಲ. ಆದರೆ ಹತ್ತಿರದ ಬಂಧುಗಳುಂಟು. ಪತ್ತೇದಾರಿ ಕಾದಂಬರಿಯ ಬೆಳೆ ನಮ್ಮಲ್ಲಿ ಸಮೃದ್ಧವಾಗಿದ್ದಿತು. ಎನ್. ನರಸಿಂಹಯ್ಯನವರು ಅಗ್ಗದ ಬೆಲೆಯ ಕಾದಂಬರಿಗಳಿಂದ ಎಷ್ಟೋ ಜನರಿಗೆ ಕನ್ನಡ ಓದುವ ಅಭ್ಯಾಸವನ್ನು ಹಿಡಿಸಿದರು. ಕನ್ನಡದ ಹಳದಿ ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಗಳನ್ನು ಬರೆದವರೇ ಎಂಬುದನ್ನು ನವೆಂಬರ್ ತಿಂಗಳಿನಲ್ಲಿ ಬಾವುಟ ಹಿಡಿಯುವ ನಮ್ಮ ಮಕ್ಕಳು ತಿಳಿದಿರುವುದು ಒಳ್ಳೆಯದು. ತೆರೆಯ ಮೇಲೆ ಮಾತ್ರ ಪತ್ತೇದಾರನು ವಿಜೃಂಭಿಸಿದುದು ೧೯೬೮ರಲ್ಲಿ, ‘ಜೇಡರ ಬಲೆ’ ಚಿತ್ರದ ಮೂಲಕ. ಛಾಯಾಗ್ರಾಹಕರಾದ ದೊರೈರಾಜ್ ಮತ್ತು ಎಸ್. ಕೆ. ಭಗವಾನ್ ಇಬ್ಬರೂ ಸೇರಿ ‘ದೊರೈ-ಭಗವಾನ್’ ಎಂಬ ಜೋಡಿಹೆಸರಿನಲ್ಲಿ ಅದನ್ನು ನಿರ್ದೇಶಿಸಿದರು. ರಾಜ್‌ಕುಮಾರ್ ಅವರು ಸಿ.ಐ.ಡಿ. ೯೯೯ ಎಂಬ ಗುಪ್ತಚರನಾದರು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. ೯೯೯’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. ೯೯೯’ ಬಂದುವು, ೧೯೭೮ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’.

ಈ ೯೯೯ರ ಹಿಂದೆ ೦೦೭ ನಿಂತಿರುವುದು ಯಾರಿಗೂ ತಿಳಿಯುವಂತಹುದೇ. ಆ ಜೇಮ್ಸ್ ಬಾಂಡನು ಕಾದಂಬರಿಯಿಂದ ಹೊರಟು, ೧೯೬೨ರಲ್ಲಿ ಬೆಳ್ಳಿತೆರೆಗೆ ಬರುವುದಕ್ಕೆ ನಾಲ್ಕು ವರ್ಷ ಮೊದಲೇ ಲಂಡನ್ನಿನ ‘ಡೈಲಿ ಎಕ್ಸ್‌ಪ್ರೆಸ್’ ಪತ್ರಿಕೆಯಲ್ಲಿ ಚಿತ್ರಪಟ್ಟಿಯ ವೀರನಾಗಿದ್ದನು. ಹೀಗೆ ದೂರದ ನಂಟನ್ನು ಎಣಿಸಿದರೆ ನಮ್ಮ ೯೯೯ನೂ ಪಟ್ಟಿಯವರ ಮನೆತನಕ್ಕೆ ಸೇರಿಯಾನು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರವಾದ ‘ಅಮರಶಿಲ್ಪಿ ಜಕಣಾಚಾರಿ’ ೧೯೬೪ರಲ್ಲಿಯೇ ಬಂದಿದ್ದರೂ ‘ಜೇಡರ ಬಲೆ’ ಕಪ್ಪು ಬಿಳುಪಿನಲ್ಲಿಯೇ ಬಂದಿತು. ಕನ್ನಡದ ಮಾರುಕಟ್ಟೆ ಚಿಕ್ಕದು, ಥೈಲಿಯೂ ಚಿಕ್ಕದು. ಬಾಂಡನ ಚಿತ್ರದಲ್ಲಿ ಹಣವು ಮಾಡಿದ ಕೆಲಸವನ್ನು ಇಲ್ಲಿ ರಾಜ್‌ಕುಮಾರರ ನಡಿಗೆ ಮತ್ತು ಜಿ. ಕೆ. ವೆಂಕಟೇಶರ ಸಂಗೀತ ಮಾಡಬೇಕಾಯಿತು. ಮಾಡಿದುವು ಎಂಬುದಕ್ಕೆ ನಿಮ್ಮ ಅಜ್ಜಂದಿರನ್ನು ಕೇಳಿರಿ.

ಈಗ ನಾವು ವಾಸವಾಗಿರುವ ಈ ದೆಹಲಿಗೆ ಬರೋಣ. ಭಾರತದ ಚಿತ್ರಪಟ್ಟಿಗಳ ಇತಿಹಾಸದಲ್ಲಿ ದೆಹಲಿಗೆ ದೊಡ್ಡ ಸ್ಥಾನವಿದೆ. ಇಂದು ಪಾಕಿಸ್ತಾನದಲ್ಲಿರುವ ಕಸೂರ್ ಎಂಬ ಊರಿನಲ್ಲಿ ೧೯೩೮ರ ಆಗಸ್ಟ್ ೧೫ರಂದು ಹುಟ್ಟಿದ ಪ್ರಾಣ್ ಕುಮಾರ್ ಶರ್ಮಾ ಅವರು, ೧೯೬೦ರಲ್ಲಿ ದೆಹಲಿಯ ‘ಮಿಲಾಪ್’ ಪತ್ರಿಕೆಯಲ್ಲಿ ‘ಡಾಬೂ’ ಎಂಬ ಪಟ್ಟಿಯಿಂದ ಕೆಲಸಕ್ಕೆ ಆರಂಭವಿಟ್ಟರು. ಅಂದು ನಮ್ಮ ಪತ್ರಿಕೆಗಳ ಚಿತ್ರಪಟ್ಟಿಗಳಲ್ಲಿ ಪರದೇಶದ ವೀರರೇ ಹೆಚ್ಚು. ‘ಲೋಟ್‌ಪೋಟ್’ ಎಂಬ ಹಿಂದಿ ಮಕ್ಕಳ ಪತ್ರಿಕೆಗಾಗಿ ೧೯೭೦ರ ಸುಮಾರಿಗೆ ಪ್ರಾಣ್ ಅವರು ಸೃಷ್ಟಿಸಿದ ‘ಚಾಚಾ ಚೌಧರಿ’ಯಾದರೋ ಈ ಮಣ್ಣಿನವನೇ: ಕೆಂಪು ರುಮಾಲು, ದಟ್ಟವಾದ ಬಿಳಿಯ ಮೀಸೆ, ಕೈಯಲ್ಲೊಂದು ಕೋಲು. ಇವನು ಸಂಬಳದ ಪತ್ತೇದಾರನಲ್ಲ. ಬೀದಿಯ ಕೊನೆಯ ಮನೆಯ ಮುದುಕ. ಆದರೆ ಕಳ್ಳನನ್ನು ಹಿಡಿಯುವುದರಲ್ಲಿ ಟ್ರೇಸಿಗೆ ಕಡಿಮೆಯಿಲ್ಲ. ದೇಹಬಲಕ್ಕೆ ಅವನ ಜೊತೆ ಗುರುಗ್ರಹದಿಂದ ಬಂದ ಹದಿನೈದು ಅಡಿ ಎತ್ತರದ ಸಾಬೂ ಇರುವನು. ದೆಹಲಿಯ ಡೈಮಂಡ್ ಕಾಮಿಕ್ಸ್‌ನವರು ಇದನ್ನು ಪುಸ್ತಕಗಳಾಗಿ ಅನೇಕ ಭಾಷೆಗಳಲ್ಲಿ ಹರಡಿದರು. ಪ್ರಾಣ್ ಅವರು ೨೦೧೪ರ ಆಗಸ್ಟಿನಲ್ಲಿ ನೆರೆಯ ಗುಡಗಾಂವಿನಲ್ಲಿ ತೀರಿಕೊಂಡರು. ಮರುವರ್ಷ ಪದ್ಮಶ್ರೀ ಪ್ರಶಸ್ತಿ ಮರಣೋತ್ತರವಾಗಿ ಸಂದಿತು. ಭಾನುವಾರದ ಹಳೆಯ ಪುಸ್ತಕಗಳ ಸಂತೆಯು ದರಿಯಾಗಂಜಿನ ಕಾಲುದಾರಿಯಲ್ಲಿ ನಡೆಯುತ್ತಿದ್ದಾಗ ಈ ಪುಸ್ತಕಗಳು ರಾಶಿರಾಶಿಯಾಗಿ ಸಿಗುತ್ತಿದ್ದುವು. ೨೦೧೯ರಲ್ಲಿ ಆ ಸಂತೆ ಹತ್ತಿರದ ಮಹಿಳಾ ಹಾಟ್‌ಗೆ ಸ್ಥಳಾಂತರವಾಯಿತು.

ಚಾಚಾ ಚೌಧರಿಯ ಕಥೆಗಳು ೨೦೦೨ರಲ್ಲಿ ಸಹಾರಾ ದೂರದರ್ಶನ ವಾಹಿನಿಯಲ್ಲಿ ಧಾರಾವಾಹಿಯಾಗಿ ಬಂದುವು; ರಘುವೀರ್ ಯಾದವ್ ಅವರು ಚಾಚಾ ಆಗಿದ್ದರು. ಚಾಚಾನಿಗೆ ರುಮಾಲು, ಮೀಸೆ, ಒಬ್ಬ ಒಳ್ಳೆಯ ನಟ, ಇಷ್ಟಿದ್ದರೆ ಸಾಕು. ತೊಂದರೆಯೆಲ್ಲ ಸಾಬೂನದು. ಹದಿನೈದು ಅಡಿಯ ನಟನು ಭೂಮಿಯ ಮೇಲೆ ಎಲ್ಲಿಯೂ ದೊರಕನು. ಗುರುಗ್ರಹಕ್ಕೆ ಕರೆ ಕಳುಹಿಸುವಂತಿಲ್ಲ. ಪ್ರಾಣ್ ಅವರ ಕುಂಚಕ್ಕೆ ಎರಡು ಗೆರೆಗಳ ಕೆಲಸವಾದುದು ಕ್ಯಾಮೆರಾ ಹಿಡಿದವನಿಗೆ ಪರ್ವತವಾಗುತ್ತದೆ. ಎತ್ತರದ ಮನುಷ್ಯನೊಬ್ಬನನ್ನು ಹುಡುಕಿ ಕ್ಯಾಮೆರಾವನ್ನು ನೆಲಕ್ಕೆ ತಗ್ಗಿಸಬಹುದು. ಬಾಗಿಲನ್ನು ಗಿಡ್ಡವಾಗಿ ಕಟ್ಟಬಹುದು. ಆದರೆ ಇಬ್ಬರೂ ಒಂದೇ ಕಡೆ ನಿಂತೊಡನೆ ಗುಟ್ಟು ರಟ್ಟಾಗುತ್ತದೆ.

ನಮ್ಮ ಶಾಲೆಯ ನಾಟಕದ ಸಂಗತಿ ಇಲ್ಲಿಗೆ ಸೇರುತ್ತದೆ. ಮೊದಲ ವರ್ಷ ಮಕ್ಕಳು ಒಂದು ಪತ್ತೇದಾರಿ ನಾಟಕವನ್ನು ತಾವೇ ಬರೆದರು. ಖಳನು ಚಿತ್ರಪಟ್ಟಿಯ ಖಳನಂತೆಯೇ ಭಯಂಕರನಾಗಿರಬೇಕೆಂದು ಹಟ. ಗೋಧಿಹಿಟ್ಟಿನ ಕಣಕದಿಂದ ದೊಡ್ಡ ಮೂಗನ್ನು ಮಾಡಿ ಅಂಟಿಸಿ ಬಣ್ಣ ಹಚ್ಚಿದೆವು. ಎರಡನೆಯ ಅಂಕದಲ್ಲಿ ಅವನು “ನನ್ನನ್ನು ಹಿಡಿಯುವವನು ಇನ್ನೂ ಹುಟ್ಟಿಲ್ಲ” ಎಂದು ಗರ್ಜಿಸಿದಾಗ ಆ ಮೂಗು ನಿಧಾನವಾಗಿ ಜಾರಿ ಪತ್ತೇದಾರನ ಕಾಲಿನ ಬಳಿ ಬಿದ್ದಿತು. ಪತ್ತೇದಾರನು ಅದನ್ನು ಸಾಕ್ಷ್ಯವಸ್ತುವೆಂದು ಎತ್ತಿಟ್ಟುಕೊಂಡನು. ಸಭೆಯು ಹತ್ತು ನಿಮಿಷ ನಕ್ಕಿತು. ನಾಟಕ ಅಲ್ಲಿಗೆ ಮುಗಿಯಿತು. ಖಳನಾಗಿದ್ದ ಹುಡುಗನು ಒಂದು ವಾರ ನನ್ನೊಡನೆ ಮಾತನಾಡಲಿಲ್ಲ. ತಪ್ಪು ಅವನದಾಗಿರಲಿಲ್ಲ, ನನ್ನದು.

ಮರು ವರ್ಷ ಅವರೇ ಸಾಬೂ ಇರುವ ಕಥೆಯನ್ನು ಆರಿಸಿದರು. ನಾನು ಬೇಡವೆಂದೆನು. ಆಗ ಒಬ್ಬ ಹುಡುಗಿಯು ತನ್ನ ತಾತನ ಊರಿನಲ್ಲಿ ಕಂಡ ತೊಗಲುಗೊಂಬೆಯಾಟದ ಮಾತನ್ನೆತ್ತಿದಳು. ಕರ್ನಾಟಕದ ತೊಗಲುಗೊಂಬೆಗಳಲ್ಲಿ ಎಲ್ಲ ಗೊಂಬೆಗಳೂ ಒಂದೇ ಅಳತೆಯವಲ್ಲ. ದೇವತೆಗಳು ಮತ್ತು ರಾಜರು ದೊಡ್ಡವರು, ಸೇವಕರು ಚಿಕ್ಕವರು. ಪಾತ್ರದ ಸ್ಥಾನಕ್ಕೆ ತಕ್ಕ ಗಾತ್ರ. ಒಂದು ಬಟ್ಟೆ, ಅದರ ಹಿಂದೆ ಒಂದು ದೀಪ. ಇಷ್ಟರಲ್ಲಿಯೇ ಲಂಕೆಯೂ ಉರಿಯುವುದು, ಸಮುದ್ರಕ್ಕೆ ಸೇತುವೆಯೂ ಆಗುವುದು. ಅಗ್ಗದ ಚಿತ್ರಗಳ ಕತ್ತಲೆಯ ಗುಟ್ಟನ್ನು ಅಮೆರಿಕಾದವರಿಂದ ಕಲಿಯಲು ಹೊರಟಿದ್ದ ನನಗೆ ಅದು ನಮ್ಮ ಹಳ್ಳಿಯ ಜಗುಲಿಯಲ್ಲಿಯೇ ಇದ್ದುದು ಹೊಳೆದಿರಲಿಲ್ಲ.

ಉಳಿದುದು ಎಂಟನೆಯ ತರಗತಿಯ ಭೌತಶಾಸ್ತ್ರ. ದೀಪದಿಂದ ಪರದೆಗೆ ಎಂಟು ಅಡಿ. ದೀಪದಿಂದ ಹುಡುಗನಿಗೆ ಎರಡು ಅಡಿ. ಎಂಟನ್ನು ಎರಡರಿಂದ ಭಾಗಿಸಿದರೆ ನಾಲ್ಕು. ಅಂದರೆ ನೆರಳು ಹುಡುಗನ ನಾಲ್ಕು ಪಟ್ಟು. ನಾಲ್ಕಡಿಯ ಹುಡುಗನಿಗೆ ಹದಿನಾರು ಅಡಿಯ ನೆರಳು! ಸಾಬೂನಿಗಿಂತ ಒಂದು ಅಡಿ ಹೆಚ್ಚೇ ಆಯಿತು. ಆದುದರಿಂದ ಶಾಲೆಯ ಎತ್ತರದ ಹುಡುಗನ ಬದಲು ಆರನೆಯ ತರಗತಿಯ ಅತ್ಯಂತ ಗಿಡ್ಡ ಹುಡುಗನನ್ನು ಸಾಬೂ ಪಾತ್ರಕ್ಕೆ ಆರಿಸಿದೆವು. ಮೊದಲ ಅಭ್ಯಾಸದಲ್ಲಿ ದೀಪವನ್ನು ಎರಡಡಿಯ ಸ್ಟೂಲಿನ ಮೇಲೆ ಇಟ್ಟುದರಿಂದ ದೈತ್ಯನ ಕಾಲುಗಳು ನೆಲದೊಳಗೆ ಇಳಿದುಹೋದುವು, ಬರಿಯ ಮುಂಡ ಮಾತ್ರ ತೇಲಾಡಿತು. ದೀಪವನ್ನು ನೆಲಕ್ಕೆ ಇಳಿಸಿದೊಡನೆ ಕಾಲುಗಳು ನೆಲದ ಮೇಲೆ ಊರಿ ನಿಂತುವು. ಆದರೆ ನಮ್ಮ ಪರದೆ, ಅಂದರೆ ಹೊಲಿದು ಜೋಡಿಸಿದ ಎರಡು ಹಾಸಿಗೆಯ ದುಪ್ಪಟಿಗಳು, ಒಂಬತ್ತು ಅಡಿಗಿಂತ ಎತ್ತರವಿರಲಿಲ್ಲ. ದೈತ್ಯನ ಸೊಂಟದ ಮೇಲಿನ ಭಾಗ ಪರದೆಯಿಂದಾಚೆ ಕತ್ತಲೆಯಲ್ಲಿ ಕಾಣದಾಯಿತು. ಇನ್ನಷ್ಟು ದುಪ್ಪಟಿಗಳನ್ನು ತರುವೆವೆಂದು ಮಕ್ಕಳು ಹೊರಟರು, ನಾನು ತಡೆದೆನು.

ಡಿಸೆಂಬರಿನ ಆ ಸಂಜೆ ಹೊರಗೆ ಮಂಜು ಕವಿದಿದ್ದಿತು. ಕಳ್ಳರು ಪರದೆಯ ಮುಂದೆ ಹಣವನ್ನು ಎಣಿಸುತ್ತಿದ್ದರು. ಚಾಚಾ ಆದವನು ಕೋಲನ್ನು ನೆಲಕ್ಕೆ ಕುಟ್ಟಿದನು. ಪರದೆಯ ಮೇಲೆ ಎರಡು ಭಾರಿ ಕಾಲುಗಳು ಮೆಲ್ಲನೆ ನಡೆದು ಬಂದುವು. ಸೊಂಟದ ತನಕ ಮಾತ್ರ. ಸಭೆಯಲ್ಲಿದ್ದ ಚಿಕ್ಕ ಮಕ್ಕಳು, ಅವರೊಡನೆ ಕೆಲವು ದೊಡ್ಡವರು ಸಹ, ಸಾಬೂನ ಮುಖವನ್ನು ಕಾಣಲೆಂದು ತಲೆಯೆತ್ತಿ ಪರದೆಯ ಮೇಲಿನ ಬರಿಯ ಛಾವಣಿಯನ್ನು ನೋಡಿದರು. ಪರದೆಯ ಹಿಂದೆ ನಮ್ಮ ಗಿಡ್ಡ ಹುಡುಗನು, ದೀಪವನ್ನು ತುಳಿದುಬಿಡದಂತೆ ಬಹಳ ಎಚ್ಚರಿಕೆಯಿಂದ, ಇನ್ನೊಂದು ಹೆಜ್ಜೆಯಿಟ್ಟನು.